ಸದ್ದಿಲ್ಲದ ಪೋರ್ಟ್

ಸ್ವಿಚ್ಚು ಎಣಿಸಿಟ್ಟ ಹಳೆಯ ತಪ್ಪುಗಳ ಲೆಕ್ಕವನ್ನೆಲ್ಲ ಸೊನ್ನೆ ಮಾಡುತ್ತೇನೆ, ಮೊದಲು ಇದು, ಎಲ್ಲರೂ ಮರೆಯುವುದು ಇದನ್ನೇ, ಎಂದೋ ಕೇಬಲ್ ಸಡಿಲವಾಗಿದ್ದಾಗಿನ ತಪ್ಪುಗಳನ್ನು ಇವತ್ತಿನವೆಂದು ತಿಳಿದು ಪಾಪದ ಸ್ವಿಚ್ಚಿಗೆ ಬೈಯುತ್ತಾರೆ, ಈಗ ಏರುವ ಸಂಖ್ಯೆಯೆಲ್ಲ ಈ ಕ್ಷಣದ್ದು — ಫ್ಯಾನುಗಳ ತಣ್ಣನೆಯ ಗಾಳಿ ಕತ್ತಿಗೆ, ಫೋನು ಮತ್ತೆ ಅದುರುತ್ತದೆ, ಸ್ಕ್ಯಾನಿಂಗ್ ವಿಭಾಗದಿಂದ ಅಕ್ಕ, ಲೇ, ಚಿತ್ರ ಅರ್ಧ ಬಂದು ನಿಂತೋಗಿದೆ ಕಣೇ, ಆಪರೇಷನ್ ಟೇಬಲ್ ಮೇಲಿರೋ ಹೆಂಗಸಿಗೆ ಅರಿವಳಿಕೆ ಬೇರೆ ಕೊಟ್ಟಾಗಿದೆ, ಚಿತ್ರ ನೋಡದೆ ಕೈ ಹಾಕಲ್ಲ ಅಂತ ಸರ್ಜನ್ನು ನಿಂತುಬಿಟ್ಟಿದಾರೆ, ನಿನ್ನ ಡಬ್ಬಾಗಳೇನು ನಿದ್ದೆ ಹೊಡೀತಿವೆಯಾ, ಡಬ್ಬಾ ಅನ್ನಬೇಡ ಅಕ್ಕಾ, ಒಂಚೂರು ತಡಿ, ಸಿಗುತ್ತೆ, ಸಿಕ್ಕೇ ಸಿಗುತ್ತದೆ, ಆಸ್ಪತ್ರೆಯ ಚಿತ್ರಗಳೆಲ್ಲ ಇರುವ ಡಿಸ್ಕುಗಳಿಗೂ ಅವನ್ನು ಕೇಳುವ ಯಂತ್ರಗಳಿಗೂ ನಡುವೆ ಇರುವುದು ಈ ಒಂದು ಸ್ವಿಚ್ಚು, ಕೇಬಲ್ ಸಿಕ್ಕಿಸುವ ಅದರ ಒಂದೊಂದು ಪೋರ್ಟಿನ ನಾಡಿಯೂ ನನಗೆ ಗೊತ್ತು, ಬೆನ್ನ ಹಿಂದೆ ಮ್ಯಾನೇಜರು, ನೋಡಮ್ಮ, ಮೂರನೇ ಪೋರ್ಟಿನ ಗೆರೆ ಹೇಗೆ ಕುಣೀತಿದೆ, ಕಿತ್ತು ಬಿಸಾಕು ಅದನ್ನ, ಅಯ್ಯೋ ಸರ್, ಅದು ಲ್ಯಾಬಿಂದು, ದಿನಾ ಹಾಗೇ ಕುಣಿಯುತ್ತೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದಾ — ಅಜ್ಜಿ ಹೇಳುತ್ತಿದ್ದಳು, ಗಲಾಟೆ ಮಾಡೋ ಮಗೂನ ಬಿಡ್ರೇ, ಸದ್ದಿಲ್ದೆ ಕೂತಿರೋದನ್ನ ನೋಡಿ, ಬಾಯಲ್ಲಿ ಏನೋ ಹಾಕ್ಕೊಂಡಿರುತ್ತೆ, ಹಾಕಿಕೊಂಡೇ ಇದ್ದೆ, ಅಪ್ಪನ ಕೋಟಿನ ಗುಂಡಿ, ಎಷ್ಟು ನುಣ್ಣಗಿತ್ತು ನಾಲಿಗೆಗೆ — ಸದ್ದಿಲ್ಲದ್ದು ಯಾವುದು ಇಲ್ಲಿ, ಹನ್ನೊಂದನೇ ಪೋರ್ಟು, ಮಾಹಿತಿ ಸಂಚಾರದ ಗೆರೆ ನೆಲ ಕಚ್ಚಿದೆ, ಎಷ್ಟು ಸಾಧು, ಆದರೆ ಪಕ್ಕದಲ್ಲಿ, ದಾಟಲಾಗದೆ ಎಷ್ಟು ಸಲ ಕಾಯಬೇಕಾಯಿತೆನ್ನುವ ಸಂಖ್ಯೆ, ಅಬ್ಬಾ, ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಗಟ್ಟಲೆ, ಬಾ, ಸಿಕ್ಕಿಬಿದ್ದೆ ನೀನು, ಬೇಕುಬೇಕಾದ್ದನ್ನೆಲ್ಲ ಕೇಳಿ, ಕೊಟ್ಟಾಗ ತೆಗೆದುಕೊಳ್ಳದ ಯಂತ್ರ, ಬಾಗಿಲಲ್ಲೇ ನಿಂತು ಚಪ್ಪಲಿ ಹುಡುಕುವ ಮಾವನ ಹಾಗೆ, ಹಿಂದೆ ಇಡೀ ಮನೆಯ ಜನ ಕಾದಿರುತ್ತಾರೆ, ಅಕ್ಕನ ಚಿತ್ರವೂ ಆ ಗುಂಪಿನಲ್ಲೇ, ಹನ್ನೊಂದನ್ನು ಮುಚ್ಚಿದರೆ ಕಾದವರಿಗೆಲ್ಲ ದಾರಿ, ಆಜ್ಞೆ ಬರೆದಾಯಿತು, ಒತ್ತುವುದಷ್ಟೇ — ತಡಿ ತಡಿ, ಹನ್ನೊಂದು ಬೇಡಮ್ಮ, ಮ್ಯಾನೇಜರ ಕೈ ಕೀಬೋರ್ಡಿನ ಮೇಲೆ ಅಡ್ಡ ಬರುತ್ತದೆ, ಅವರೇ ಹಟ ಹಿಡಿದು ತರಿಸಿದ, ವರದಿ ತಯಾರಿಸುವ ಹೊಸ ಯಂತ್ರ ಅದು, ಮೇಲಿನ ಮಹಡೀಲಿ ನಿರ್ದೇಶಕರು ಅದನ್ನ ನೋಡೋಕೇ ಬಂದು ಕೂತಿದಾರೆ, ಅರ್ಧ ಗಂಟೆ, ಬರೀ ಅರ್ಧ ಗಂಟೆ, ಸ್ವಿಚ್ಚು ಹಳೇದು ಅಂತ ನಿಮ್ಮಕ್ಕನಿಗೆ ಹೇಳು, ನೀನು ಕೇಳ್ತಿದ್ಯಲ್ಲ ಮುಖ್ಯಸ್ಥೆ ಹುದ್ದೆ, ಇವತ್ತೇ ನಿನ್ನ ಹೆಸರು ಹೇಳ್ತೀನಿ, ಹೌದು ಕೇಳಿದ್ದೆ, ಕೇಳಿ ಕೇಳಿ ನಾಲಿಗೆ ಸವೆದಿದೆ, ಬಾಗಿಲ ಮೇಲೆ ನನ್ನ ಹೆಸರು, ಸ್ವಂತ ಕುರ್ಚಿ, ಚಳಿಯಿಲ್ಲದ ಕೋಣೆ, ಮತ್ತೆ ಆ ಚಿತ್ರ, ಟೇಬಲ್ ಮೇಲಿನ ಆ ಹೆಂಗಸಿನ ಬೆನ್ನುಮೂಳೆ, ಮಣಿ ಮಣಿಯಾಗಿ ಇಳಿಯುತ್ತ ಬಂದು ನಡುವಿಗೆ ಕತ್ತರಿಸಿ, ಕೆಳಗೆಲ್ಲ ಕಪ್ಪು, ಏನಂತೀಯಮ್ಮ, ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒತ್ತುತ್ತೇನೆ, ನನಗೆ ಬೇಡ ಸರ್.