ಬೆಳಗಿನ ಪಾಳಿಯ ಎಂಬತ್ತೆರಡು

ಎಂಬತ್ತೆರಡು ಎಪ್ಪತ್ತನಾಲ್ಕಾಗಿತ್ತು. ಚಂದ್ರಹಾಸ ಫಲಿತಾಂಶದ ಪುಟವನ್ನು ಮೂರು ಸಲ ಮುಚ್ಚಿ ತೆರೆದ. ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಇಲ್ಲಿ ಸಿಗಲಿಲ್ಲ.

ಹಾಸ್ಟೆಲ್ ಕೋಣೆಯ ಪಕ್ಕದ ಮಂಚದಲ್ಲಿ, ಯಾದಗಿರಿಯ ಸಂಗಣ್ಣನ ಅರವತ್ತೆಂಟು ಎಪ್ಪತ್ತಾರಾಗಿತ್ತು. ಸರ್ಕಾರಿ ನೌಕರಿಗೆ ಎಪ್ಪತ್ತೈದು ಸಾಕು.

“ಇದ್ಹೆಂಗ್ರಿ ಸರ? ಕಂಪ್ಯೂಟರ್ ಕುಡದೈತೇನ್ರಿ?”

ಆರು ತಿಂಗಳು ಅವನಿಗೆ ಗಣಿತ ಹೇಳಿಕೊಟ್ಟ ಅಭ್ಯಾಸ, ಚಂದ್ರಹಾಸ ವಿವರಿಸಿಯೇಬಿಟ್ಟ. “ನಮ್ಮ ಬೆಳಗಿನ ಪಾಳಿಯ ಪೇಪರ್ ಸುಲಭ, ಸರಾಸರಿ ಎಪ್ಪತ್ತು. ನಿಮ್ಮ ಮಧ್ಯಾಹ್ನದ್ದು ಕಷ್ಟ, ನಲವತ್ತೈದು. ಎರಡನ್ನೂ ಒಂದೇ ಅಳತೆಗೆ ತರಬೇಕಲ್ಲ? ನಿನ್ನ ಗುಂಪಿಗಿಂತ ನೀನೆಷ್ಟು ಮೇಲಿದ್ದೀಯ, ಅಷ್ಟೇ ಲೆಕ್ಕ.”

“ಅಂದ್ರ, ನಮ್ಮವ್ರೆಲ್ಲ ಬಿದ್ದದ್ದಕ್ಕ ನಾ ಎದ್ದೆ?”

“ಹೆಚ್ಚುಕಡಿಮೆ.”

“ನೀವು?”

“ನಮ್ಮವರು ಬೀಳಲಿಲ್ಲ.”

ಅಂದು ಪರೀಕ್ಷಾ ಕೇಂದ್ರದ ಹೊರಗೆ ಸಂಗಣ್ಣ ಅಳುಮುಖ ಹೊತ್ತು ಬಂದಾಗ ಇವನೇ ಇರಾನಿ ಚಹಾ ಕೊಡಿಸಿ, ಬೆನ್ನು ತಟ್ಟಿದ್ದ. ತಟ್ಟುವಾಗ ಒಳಗೊಳಗೇ ಖುಷಿಯಾಗಿತ್ತು. ಗೆದ್ದವನನ್ನು ಅಷ್ಟು ಮನಸಾರೆ ಸಂತೈಸಿದವರು ಹೈದರಾಬಾದಿನಲ್ಲಿ ಬೇರೆ ಯಾರೂ ಇರಲಾರರು.

ನವೆಂಬರಿಗೆ ಚಂದ್ರಹಾಸನ ವಯೋಮಿತಿ ಮುಗಿಯುತ್ತದೆ. ಮತ್ತೆ ಪರೀಕ್ಷೆಯಿಲ್ಲ. ಯಾರನ್ನಾದರೂ ಬೈಯೋಣವೆಂದರೆ ಸೂತ್ರ ನ್ಯಾಯವಾಗಿತ್ತು. ತಾನೇ ಬರೆದಿದ್ದರೂ ಹೀಗೇ ಬರೆಯುತ್ತಿದ್ದ. ಅದೇ ಅಸಹ್ಯ.

ಮಧ್ಯಾಹ್ನ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಿಂದ ಸಂಗಣ್ಣನಿಗೆ ಫೋನ್ ಬಂತು: ಆಯ್ಕೆಯಾದವರೆಲ್ಲ ಫ್ಲೆಕ್ಸ್‌ ಫೋಟೋಗೆ ಬರಬೇಕು.

“ನೀವೂ ಬರ್ರಿ.”

“ನಾನ್ಯಾಕೋ?”

“ಕಲಿಸಿದಾವ್ರು ನೀವು. ನೀವಿಲ್ದ ನಾ ನಿಂದ್ರಂಗಿಲ್ಲ, ನೋಡ್ರಿ.”

ಹೋದ. ಹನ್ನೊಂದು ಮಂದಿ, ಹನ್ನೊಂದು ಚೆಂಡುಹೂವಿನ ಹಾರ. ಸಂಗಣ್ಣ ತನ್ನದನ್ನು ತೆಗೆದು ಇವನ ಕೊರಳಿಗೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಂದ್ರಹಾಸನಿಗೂ ನಗು ಬಂತು, ನಿಜವಾದ ನಗುವೇ.

ಫೋಟೋದವನು ಕ್ಯಾಮೆರಾದಿಂದ ತಲೆಯೆತ್ತಿದ. “ಲಂಬೂ ಸಾಬ್, ಆಪ್ ಥೋಡಾ ಝುಕೋ. ಸಬ್ ಬರಾಬರ್ ದಿಖ್ನಾ.”

ಸಾಲಿನಲ್ಲಿ ಎಲ್ಲರಿಗಿಂತ ಎತ್ತರವಿದ್ದ ಇವನು ಮೊಣಕಾಲು ಮಡಿಸಿದ.

“ಔರ್ ಥೋಡಾ.”

ಮಡಿಸಿದ. ಹನ್ನೆರಡು ತಲೆಗಳೂ ಗೆರೆ ಎಳೆದಂತೆ ಒಂದೇ ಮಟ್ಟಕ್ಕೆ ಬಂದವು. ಕ್ಲಿಕ್.

ಒಳಗೆ ಲಡ್ಡು ಬಂದಿತ್ತು. ಸಾಲು ಹೋ ಎಂದು ಅತ್ತ ನುಗ್ಗಿತು. ಫೋಟೋದವನು ಸ್ಟ್ಯಾಂಡ್ ಮಡಚಿಕೊಂಡು ಹೊರಟ. ಖಾಲಿ ಗೋಡೆಯೆದುರು, ಅಕ್ಕಪಕ್ಕ ಯಾರೂ ಇಲ್ಲದಲ್ಲಿ, ಹಾರ ಹಾಕಿಕೊಂಡ ಚಂದ್ರಹಾಸ ಇನ್ನೂ ಅಷ್ಟೇ ಮಟ್ಟಕ್ಕೆ ಕುಗ್ಗಿ, ನಗುತ್ತಾ ನಿಂತಿದ್ದ.