ಸಮುದ್ರವಿಲ್ಲದ ಊರಿನ ದೀಪಸ್ತಂಭ

ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಹಿಂಡುತ್ತಿದ್ದೆವು. ಅಷ್ಟರಲ್ಲಿ ಬೆಳಗಿನ ಬಸ್ಸಿಳಿದು ಕೆಂಪುಮಸಿ ಬಂದರು. ಅವರು ಸ್ಥಳಕೋಶದ ಸಂಪಾದಕರು. ದೇಶದ ಊರುಗಳನ್ನೆಲ್ಲ ಅಕಾರಾದಿಯಾಗಿ ವಿವರಿಸುವ ದಪ್ಪ ಪುಸ್ತಕ ಅದು; ಅದರ ಕರಡನ್ನು ಮನೆಯಲ್ಲೇ ಕೂತು ತಿದ್ದುವವಳು ನಾನು. ಕೆಂಪುಮಸಿ ಎಂದು ಹೆಸರಿಟ್ಟವಳು ಮಗಳು. ಎದುರಿಗೆ ಮಾತ್ರ ಮಾವ ಎನ್ನುತ್ತಾಳೆ.

"ಏನಮ್ಮಾ ಇದು? ಒಂದೂರು ಕಳಿಸಿದ್ರೆ ಮೂರು ಮಾಡಿ ವಾಪಸ್ ಕಳಿಸಿದ್ದೀರಿ!"

"ಇರೋದೇ ಮೂರು ಸಾರ್."

ನಮ್ಮೂರಿನ ಹೆಸರಿನವೇ ಇನ್ನೆರಡು ಊರುಗಳಿವೆ. ಒಂದು ಕಡಲತೀರದಲ್ಲಿ, ಒಂದು ಗಣಿಯ ಪಕ್ಕದಲ್ಲಿ. ಕೆಂಪುಮಸಿಯವರ ಪದ್ಧತಿಯಲ್ಲಿ ಸಂಗತಿಗೊಂದು ಚೀಟಿ, ಚೀಟಿಗಳನ್ನು ಕಟ್ಟಿಡಲು ಊರಿನ ಹೆಸರಿಗೊಂದು ದಾರ. ಯಾವ ಜಿಲ್ಲೆಯದೆಂದು ಚೀಟಿಯ ಮೇಲೆ ಬರೆಯುವ ಅಭ್ಯಾಸವಿಲ್ಲ. ಹೀಗಾಗಿ ಕಳೆದ ಆವೃತ್ತಿಯಲ್ಲಿ ಮೂರೂ ಊರು ಒಂದೇ ಕಟ್ಟಾಗಿ, ನಮ್ಮೂರಿಗೆ ದೀಪಸ್ತಂಭ, ಕಬ್ಬಿಣದ ಗಣಿ, ಹೈಸ್ಕೂಲು ಎಲ್ಲ ದಕ್ಕಿದವು. ಸಮುದ್ರ ಇಲ್ಲಿಂದ ಎರಡು ದಿನದ ದಾರಿ.

ದೀಪಸ್ತಂಭಕ್ಕೆ ಊರೆಲ್ಲ ನಕ್ಕಿತು. ಹೈಸ್ಕೂಲಿಗೆ ನಗಲಾಗಲಿಲ್ಲ. ಮಗಳು ಏಳನೇ ತರಗತಿ ಮುಗಿಸಿದ್ದಾಳೆ, ಊರಲ್ಲಿ ಎಂಟನೆಯದಿಲ್ಲ. ತಾಯಂದಿರು ಸೇರಿ ಅರ್ಜಿ ಹಾಕಿದೆವು. ಶಿಕ್ಷಣ ಕಚೇರಿಯ ಗುಮಾಸ್ತರು ಬಂದು ನೋಡುವ ಗೋಜಿಗೇ ಹೋಗಲಿಲ್ಲ. ಕೂತಲ್ಲೇ ಕೋಶ ತೆರೆದು, "ಸದರಿ ಊರಿನಲ್ಲಿ ಈಗಾಗಲೇ ಹೈಸ್ಕೂಲು ಇರುವುದರಿಂದ ತಿರಸ್ಕರಿಸಲಾಗಿದೆ" ಎಂದು ಬರೆದರು. ಹೊಸ ಆವೃತ್ತಿಯಲ್ಲಿ ಸರಿಹೋದರೆ ಮತ್ತೆ ಬನ್ನಿ ಎಂದರು. ಅದು ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು. ಈ ಸಲದ ಕರಡು ಇವತ್ತೇ ಅಚ್ಚಿಗೆ ಹೋಗಬೇಕು.

ಕೆಂಪುಮಸಿ ಬಟ್ಟೆಯ ಬುಟ್ಟಿ ಸರಿಸಿ ಕುರ್ಚಿಯಲ್ಲಿ ಕೂತರು.

"ಮೂರು ಮಾಡಿದ್ರೆ ಹಿಂದಿನದು ತಪ್ಪು ಅಂತ ಒಪ್ಕೊಂಡ ಹಾಗಾಗುತ್ತೆ. ಕೋಶ ತಪ್ಪು ಮಾಡಲ್ಲಮ್ಮಾ."

"ಕೋಶ ಮಾಡಿಲ್ಲ ಸಾರ್, ದಾರ ಮಾಡಿದೆ."

"ನಿಮ್ಮೂರಿಗೆ ದೀಪಸ್ತಂಭ ಕೊಟ್ಟಿದ್ದೀನಿ, ಗಣಿ ಕೊಟ್ಟಿದ್ದೀನಿ. ವಾಪಸ್ ತಗೊಳ್ಳಿ ಅಂತೀರಲ್ಲ, ಊರಿನ ಅಭಿಮಾನ ಬೇಡ್ವಾ?"

"ಅಭಿಮಾನಕ್ಕೆ ನಮ್ಮ ಕೆರೆ ಸಾಕು. ಅದನ್ನೇ ಬಿಟ್ಟಿದ್ದೀರಿ."

"ಜಾಗ ಸಾಲ್ಲಿಲ್ಲ."

ಬಸ್ ನಿಲ್ದಾಣದಿಂದ ನಮ್ಮ ಮನೆಯವರೆಗೆ ಕೆರೆ ಏರಿಯ ಮೇಲೇ ನಡೆದು ಬಂದವರ ಮಾತಿದು. ಕಣ್ಣಿಗೆ ಬಿದ್ದದ್ದು ಚೀಟಿಗೆ ಬೀಳಬೇಕೆಂದೇನಿಲ್ಲವಲ್ಲ.

ಮಗಳು ಒದ್ದೆ ಬೆಡ್‌ಶೀಟನ್ನು ಎದೆಗವಚಿಕೊಂಡು ನಿಂತಿದ್ದಳು. ಫ್ರಾಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅರ್ಜಿ ವಾಪಸ್ ಬಂದ ದಿನದಿಂದ ಅವಳ ತುಟಿಯವರೆಗೆ ಏನೋ ಬರುತ್ತದೆ, ನನ್ನ ಮುಖ ನೋಡಿ ನುಂಗಿಬಿಡುತ್ತಾಳೆ. ದೊಡ್ಡವರ ಮಧ್ಯೆ ಬಾಯಿ ಹಾಕಬೇಡ ಎಂದು ಕಲಿಸಿದವಳು ನಾನೇ. ಒಳ್ಳೆಯ ಮಕ್ಕಳ ಕಷ್ಟವೇ ಇದು, ಬೇಡದ ಹೊತ್ತಿನಲ್ಲೂ ಹೇಳಿದ ಮಾತು ಕೇಳುತ್ತವೆ.

ಕೆಂಪುಮಸಿ ಕರಡಿನ ಹಾಳೆ ಮುಂದೆ ಹರಡಿ ಪೆನ್ನಿನ ಮುಚ್ಚಳ ತೆಗೆದರು. ನನ್ನ ತಿದ್ದುಪಡಿಯ ಮೇಲೆ ಗೀಟು ಬೀಳುವ ಮೊದಲೇ ಹಾಳೆಯ ಮೇಲೆ ಕೈಯಿಟ್ಟೆ.

"ಕೈ ತೆಗೀರಮ್ಮಾ, ಹಾಳೆ ಒದ್ದೆಯಾಗುತ್ತೆ."

ಮಗಳು ನನ್ನತ್ತ ನೋಡಿದಳು. ಈ ಸಲ ನಾನು ಕಣ್ಣಲ್ಲೇ ಗದರಿಸಲಿಲ್ಲ, ಬೇಡವೆಂದು ತಲೆಯಾಡಿಸಲೂ ಇಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಮಾವ, ಸೋಮವಾರ ಶಾಲೆ ಶುರು. ನೀವು ಬರ್ದಿದ್ದೀರಲ್ಲ, ನಮ್ಮೂರ ಹೈಸ್ಕೂಲು, ಅದಕ್ಕೆ ಯಾವ ಬೀದೀಲಿ ಹೋಗ್ಬೇಕು?"