ಅಕ್ಕ ವೇದಿಕೆಗೆ ಬರುವ ತನಕ

ಗೋವರ್ಧನ ಕೀಬೋರ್ಡಿನ ವೈರನ್ನು ಶಾಮಿಯಾನದವರ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದಾಗ ದೊಡ್ಡಪ್ಪ ತಿಪ್ಪಯ್ಯ ಬಂದು ಅವನ ಭುಜ ಹಿಡಿದರು.

"ಏನಪ್ಪ ಇದು? ಅಕ್ಕನ್ನ ಅಂಗಳದಾಗೆ ಮಲಗ್ಸೈತೆ, ನೀನು ಮದ್ವೆ ಮನೆ ಮಾಡ್ತೀಯೇನು? ಹೊತ್ತಾಯ್ತು, ಎತ್ತಾಣ."

"ಹೊಳಲ್ಕೆರೆಯಿಂದ ಓಬಮ್ಮನೋರು ಬರ್ಬೇಕು, ದೊಡ್ಡಪ್ಪ. ಅವರು ಬಂದ್ಮೇಲೆ ಎತ್ತಾಣ."

"ಯಾವ ಓಬಮ್ಮ?"

"ಅಡುಗೆ ಪಾಪಣ್ಣನ ಕಡೆ ಪಾತ್ರೆ ತೊಳೆಯೋರು."

ತಿಪ್ಪಯ್ಯ ಹಣೆ ಚಚ್ಚಿಕೊಂಡರು. ಜವನಗೊಂಡನಹಳ್ಳಿಯ ಹಿರಿಯರೆಲ್ಲ ಬಂದು ಕೂತಿರುವಾಗ ಪಾತ್ರೆ ತೊಳೆಯುವವರಿಗೆ ಕಾಯುವುದೆಂದರೆ! ಗುಣಿ ತೋಡಿಯಾಗಿತ್ತು, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಗೋವರ್ಧನನಿಗೆ ವಾದ ಮಾಡಲು ಬರುತ್ತಿರಲಿಲ್ಲ. ಮಾತೆಲ್ಲ ಅಕ್ಕನದೇ, ಅವನಿಗಿದ್ದದ್ದು ಬೆರಳು ಮಾತ್ರ. ತಾಳದ ಗುಂಡಿ ಒತ್ತಿ ನುಡಿಸತೊಡಗಿದ.

*

ಹುಚ್ಚಕ್ಕನದು ಹಾಡು, ತಮ್ಮನದು ಕೀಬೋರ್ಡು. ಡ್ರಮ್ಮು, ಕೊಳಲು, ಪಿಟೀಲು ಎಲ್ಲ ಆ ಒಂದು ಪೆಟ್ಟಿಗೆಯೊಳಗೆ. ಆರ್ಕೆಸ್ಟ್ರಾ ಅಂದರೆ ಇಬ್ಬರೇನಾ ಎಂದು ಮೂಗು ಮುರಿದವರೂ ಕುಣಿಯದೆ ಮನೆಗೆ ಹೋದದ್ದಿಲ್ಲ. ಪೆಟ್ಟಿಗೆಯ ತಾಳದ ಧಡಧಡದ ನಡುವೆ ಗೋವರ್ಧನ ತಮ್ಮ ಮಂದೆಯ ಕುರಿಗಂಟೆಯ ಸದ್ದನ್ನು ಸೇರಿಸಿದ್ದ. ಅದರ ಮೇಲೆ ಅಕ್ಕನ ದನಿ, ಗುಡ್ಡದಾಚೆಯ ಕುರಿಯನ್ನು ಕರೆಯುವಷ್ಟೇ ಎತ್ತರದಲ್ಲಿ. ಪೋಸ್ಟರಿಗಾಗಿ ಹೆಸರು ಬದಲಿಸಿಕೋ ಎಂದು ಹಿರಿಯೂರಿನ ಪ್ರೆಸ್ಸಿನವನು ಹೇಳಿದ್ದಕ್ಕೆ, "ನಮ್ಮಜ್ಜಿ ಹೆಸರು ಕಣಪ್ಪ, ಅದಕ್ಕೇನು ಹುಳ ಹಿಡ್ದೈತಾ?" ಅಂದಿದ್ದಳು.

ಹಾಡಿಗೆ ಮುಂಚಿನ ಅವರ ವಾದನ ಬಲು ಉದ್ದ. ಅದೇ ಅವರ ಸ್ಟೈಲು ಎಂದು ಜನ ತಿಳಿದಿದ್ದರು. ಹೊಸದುರ್ಗದ ಹುಡುಗರು ಅದನ್ನು ನಕಲು ಕೂಡ ಮಾಡಿದರು. ಸ್ಟೈಲೂ ಇಲ್ಲ, ಮಣ್ಣೂ ಇಲ್ಲ. ಅಕ್ಕ ಆಗ ಮದುವೆ ಛತ್ರದ ಹಿತ್ತಲಲ್ಲಿ, ಪಾತ್ರೆ ತೊಳೆಯುವ ಹೆಂಗಸರ ಬಳಿ ಇರುತ್ತಿದ್ದಳು.

"ಏಳ್ರಿ ಓಬಕ್ಕ, ಮುಂದ್ಗಡೆ ಬಂದು ಕುಂತ್ಕಳ್ರಿ."

"ಇನ್ನೂ ಹಂಡೆ ಐತೆ ಕಣವ್ವ."

"ಹಂಡೆ ಎಲ್ಲೂ ಓಡಿಹೋಗಲ್ಲ. ನೀವು ಬರೋತಂಕ ನಾನು ಬಾಯಿ ಬಿಡಲ್ಲ."

ಒದ್ದೆ ಸೆರಗಿನ ಆ ಹೆಂಗಸರು ಮುಂದಿನ ಸಾಲಿನಲ್ಲಿ ಮುದುರಿ ಕೂತ ಮೇಲೆಯೇ ಅವಳು ಮೈಕು ಹಿಡಿಯುತ್ತಿದ್ದುದು. ಅಲ್ಲಿಯವರೆಗೆ ಗೋವರ್ಧನ ಅದನ್ನೇ ತಿರುಗಿಸಿ ತಿರುಗಿಸಿ ನುಡಿಸಬೇಕು. ಒಳಗೊಳಗೇ ಬೈದುಕೊಳ್ಳುತ್ತಿದ್ದ. ಅಕ್ಕನ ಮೇಲೆ ಅಷ್ಟೇ ಹೆಮ್ಮೆಯೂ ಇತ್ತು.

*

"ಸಾಕು ನಿಲ್ಲಿಸ್ಲೇ!" ತಿಪ್ಪಯ್ಯ ಗದರಿದರು.

ಹುಚ್ಚಕ್ಕನ ತಲೆಯ ಬಳಿ ಕೂತಿದ್ದ ಗಂಡ ಜುಂಜಯ್ಯ ಮುಖ ಎತ್ತಿದ. ಕುರಿ ಬಿಟ್ಟು ಬರಲಾಗದೆ ಅವನು ಹೆಂಡತಿಯ ಒಂದು ಕಾರ್ಯಕ್ರಮವನ್ನೂ ನೋಡಿದವನಲ್ಲ.

"ಇದು ಅವಳು ಬರೋಕೆ ಮುಂಚೆ ಬಾರ್ಸೋದಲ್ಲೇನೋ?"

"ಹೂಂ, ಬಾವ."

"ಹಂಗಾದ್ರೆ ಬಾರ್ಸು, ನಾನೂ ಕೇಳ್ತೀನಿ." ತಿಪ್ಪಯ್ಯನ ಕಡೆ ತಿರುಗಿದ. "ಅವರು ಬರ್ಲಿ ಮಾವ. ಅವಳು ಯಾವತ್ತೂ ಕಾದೋಳು."

ಗೋವರ್ಧನನ ಕಣ್ಣು ತುಂಬಿ ಕೀಗಳು ಮಸುಕಾದವು. ಬೆರಳಿಗೆ ದಾರಿ ಗೊತ್ತಿತ್ತು. ಬಿಸಿಲು ಶಾಮಿಯಾನದ ಕೆಳಗೆ ನುಗ್ಗುವಷ್ಟು ಇಳಿದಾಗ ಲಗೇಜ್ ಆಟೊವೊಂದು ಬಂದು ನಿಂತಿತು. ಓಬಮ್ಮ ಮತ್ತು ಜೊತೆಯವರು ಇಳಿದು, ಅಭ್ಯಾಸದಂತೆ ಹಿಂದೆ, ನೀರಿನ ಡ್ರಮ್ಮಿನ ಬಳಿ ನಿಂತರು. ಜುಂಜಯ್ಯ ಎದ್ದು ಹೋದ.

"ಅಲ್ಯಾಕೆ ನಿಂತ್ರಿ? ಮುಂದ್ಗಡೆ ಬರ್ರಿ."

ಅವರು ಹುಚ್ಚಕ್ಕನ ಎದುರಿಗೇ ಕೂತರು. ಸೆರಗು ಇನ್ನೂ ಒದ್ದೆಯಿತ್ತು. ಓಬಮ್ಮ ಕಣ್ಣೊರೆಸಿಕೊಂಡು ಗೋವರ್ಧನನತ್ತ ನೋಡಿ ತಲೆಯಾಡಿಸಿದಳು.

ಅಕ್ಕ ಹಾಡಲು ಬಾಯಿ ತೆರೆಯುತ್ತಿದ್ದ ಜಾಗ ಬಂದಾಗ ಅವನು ಕೀಗಳಿಂದ ಕೈ ಎತ್ತಿದ.